ವಿಮಾನದ ಕಾಲ, ಸರಕಿನ ಕಾಲ: ಬೆಂಗಳೂರು–ಫ್ರಾಂಕ್‌ಫರ್ಟ್ ಮಾರ್ಗದ ಲೆಕ್ಕ

ವಿದೇಶಿ ಖರೀದಿದಾರರಿಗೆ ದರಪಟ್ಟಿಯೊಡನೆ ಸರಕು ತಲುಪುವ ದಿನವನ್ನೂ ತಿಳಿಸುವುದು ರಫ್ತುದಾರರ ವಾಡಿಕೆ. ವಿಮಾನದ ವೇಳಾಪಟ್ಟಿಯನ್ನಷ್ಟೇ ನೋಡಿ ಈ ದಿನವನ್ನು ನಿಗದಿಪಡಿಸಿದರೆ ಕೊಟ್ಟ ಮಾತು ತಪ್ಪುವ ಸಂಭವವಿರುತ್ತದೆ. ಬೆಂಗಳೂರು–ಫ್ರಾಂಕ್‌ಫರ್ಟ್ ಮಾರ್ಗವನ್ನು ನಿದರ್ಶನವಾಗಿ ಪರಿಶೀಲಿಸಬಹುದು.

ದೂರ: ಭೂಗೋಳದ ಮೇಲೆ ಎರಡು ನಗರಗಳ ನಡುವೆ ದಾರವನ್ನು ಬಿಗಿಯಾಗಿ ಎಳೆದು ಹಿಡಿದರೆ ದೊರೆಯುವುದೇ ಅತಿ ಕಡಮೆ ದೂರ. ಇದಕ್ಕೆ ಮಹಾವೃತ್ತದ ದೂರವೆಂದು ಹೆಸರು. ಈ ಮಾರ್ಗದಲ್ಲಿ ಅದು ಸುಮಾರು 7,400 ಕಿ.ಮೀ., ಅಂದರೆ ಸುಮಾರು 4,000 ನಾಟಿಕಲ್ ಮೈಲಿ.

ಹಾರಾಟದ ಕಾಲ: ಗಂಟೆಗೆ 900 ಕಿ.ಮೀ. ವೇಗದಲ್ಲಿ ಈ ದೂರಕ್ಕೆ 8 ಗಂಟೆ 15 ನಿಮಿಷ ಸಾಕು. ಆದರೆ ವಿಮಾನವು ನಿಗದಿತ ವಾಯುಮಾರ್ಗಗಳನ್ನೇ ಅನುಸರಿಸಬೇಕು. ಏರುವಾಗಲೂ ಇಳಿಯುವಾಗಲೂ ವೇಗ ಕಡಮೆ. ಪಶ್ಚಿಮಕ್ಕೆ ಹೋಗುವಾಗ ಎದುರುಗಾಳಿಯಿಂದ ಕಾಲ ಹೆಚ್ಚುತ್ತದೆ. ಮರಳುವಾಗ ಅದೇ ಗಾಳಿ ನೆರವಾಗುತ್ತದೆ. ಯುದ್ಧ ಅಥವಾ ರಾಜತಾಂತ್ರಿಕ ಬಿಕ್ಕಟ್ಟಿನಿಂದ ಯಾವುದಾದರೂ ದೇಶದ ವಾಯುಪ್ರದೇಶ ಮುಚ್ಚಿದರೆ ಸುತ್ತುದಾರಿ ಅನಿವಾರ್ಯ. 2022ರ ಫೆಬ್ರವರಿಯಲ್ಲಿ ಉಕ್ರೇನಿನ ವಾಯುಪ್ರದೇಶ ನಾಗರಿಕ ವಿಮಾನಗಳಿಗೆ ಮುಚ್ಚಿತು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನವು ಭಾರತೀಯ ವಿಮಾನಗಳಿಗೆ ತನ್ನ ವಾಯುಪ್ರದೇಶವನ್ನು ಮುಚ್ಚಿತು.

ಗಡಿಯಾರ: ಜರ್ಮನಿಯ ಸಮಯವು ಭಾರತದ ಸಮಯಕ್ಕಿಂತ ಚಳಿಗಾಲದಲ್ಲಿ 4½ ಗಂಟೆ, ಬೇಸಿಗೆಯಲ್ಲಿ 3½ ಗಂಟೆ ಹಿಂದಿರುತ್ತದೆ. ಬೆಂಗಳೂರಿನಿಂದ ಬೆಳಗಿನ ಜಾವ 3ಕ್ಕೆ ಹೊರಟ ವಿಮಾನ 10 ಗಂಟೆ ಹಾರಿದರೂ ಚಳಿಗಾಲದಲ್ಲಿ ಅಲ್ಲಿನ ಗಡಿಯಾರ ಬೆಳಿಗ್ಗೆ 8.30 ಎಂದೇ ತೋರಿಸುತ್ತದೆ. ವೇಳಾಪಟ್ಟಿಯಲ್ಲಿ ಕಾಣುವ ಅಂತರ ಐದೂವರೆ ಗಂಟೆ ಮಾತ್ರ. ಮರಳುವಾಗ 9 ಗಂಟೆಯ ಹಾರಾಟವು ಹದಿಮೂರೂವರೆ ಗಂಟೆಯಂತೆ ಕಾಣುತ್ತದೆ.

ಸರಕಿನ ಕಾಲ: ಪೆಟ್ಟಿಗೆಯ ಪ್ರಯಾಣ ಕಾರ್ಖಾನೆಯ ಬಾಗಿಲಿನಲ್ಲೇ ಆರಂಭವಾಗುತ್ತದೆ. ದೇವನಹಳ್ಳಿಗೆ ಸಾಗಣೆ, ಷಿಪ್ಪಿಂಗ್ ಬಿಲ್, ಕಸ್ಟಮ್ಸ್ ಅನುಮತಿ, ಭದ್ರತಾ ತಪಾಸಣೆ ಮುಗಿದ ಮೇಲಷ್ಟೇ ಸರಕು ವಿಮಾನವೇರುತ್ತದೆ. ನೇರ ವಿಮಾನವಲ್ಲದಿದ್ದರೆ ನಡುವಿನ ನಿಲ್ದಾಣದ ಕಾಯುವಿಕೆಯೂ ಸೇರುತ್ತದೆ. ಫ್ರಾಂಕ್‌ಫರ್ಟ್ ನಿಲ್ದಾಣದಲ್ಲಿ 2011ರಿಂದ ರಾತ್ರಿ 11ರಿಂದ ಬೆಳಗಿನ 5ರವರೆಗೆ ನಿಗದಿತ ವಿಮಾನಗಳ ಹಾರಾಟಕ್ಕೆ ನಿರ್ಬಂಧವಿದೆ. ಶುಕ್ರವಾರ ರಾತ್ರಿ ಹೊರಟ ಸರಕು ಶನಿವಾರವೇ ಇಳಿದರೂ, ವಾರಾಂತ್ಯದಲ್ಲಿ ಖರೀದಿದಾರರ ಉಗ್ರಾಣ ಮುಚ್ಚಿದ್ದರೆ ಸೋಮವಾರವೇ ಅವರ ಕೈಸೇರುತ್ತದೆ. ಹತ್ತು ಗಂಟೆಯ ಹಾರಾಟ ಹೀಗೆ ಹಲವು ದಿನಗಳ ಸಾಗಣೆಯಾಗುತ್ತದೆ.

ದಾಖಲೆ: ಲೆಟರ್ ಆಫ್ ಕ್ರೆಡಿಟ್ ವ್ಯವಹಾರಗಳಿಗೆ ಅನ್ವಯವಾಗುವ ಯುಸಿಪಿ 600 ನಿಯಮಾವಳಿಯಂತೆ, ರವಾನೆಯ ನಿಜ ದಿನಾಂಕವನ್ನು ಪ್ರತ್ಯೇಕವಾಗಿ ನಮೂದಿಸದಿದ್ದಲ್ಲಿ ಏರ್ ವೇಬಿಲ್ ನೀಡಿದ ದಿನವೇ ರವಾನೆಯ ದಿನವೆನಿಸುತ್ತದೆ. ಬ್ಯಾಂಕು ನೋಡುವುದು ಈ ದಿನವನ್ನು. ಖರೀದಿದಾರರು ನೋಡುವುದು ಸರಕು ಕೈಸೇರಿದ ದಿನವನ್ನು. ಒಪ್ಪಂದದಲ್ಲಿ ಇವೆರಡನ್ನೂ ಬೇರೆಬೇರೆಯಾಗಿ ನಮೂದಿಸುವುದು ಕ್ಷೇಮ.

ಆದುದರಿಂದ ಲೆಕ್ಕವನ್ನು ವಿಮಾನ ಹೊರಡುವ ವೇಳೆಯಿಂದ ಮುಂದಕ್ಕೆ ಹಾಕದೆ, ಖರೀದಿದಾರರಿಗೆ ಸರಕು ಬೇಕಾದ ದಿನದಿಂದ ಹಿಂದಕ್ಕೆ ಹಾಕತಕ್ಕದ್ದು. ಹಾಗೆ ಎಣಿಸಿದಾಗ ಕಾರ್ಖಾನೆಯಲ್ಲಿ ಪೆಟ್ಟಿಗೆ ಸಿದ್ಧವಾಗಬೇಕಾದ ದಿನ ಸ್ಪಷ್ಟವಾಗುತ್ತದೆ.