ಒಂದು ಸೂರಿಗೆ ಹಲವು ಕೈಗಳು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬುದು ಕನ್ನಡನಾಡಿನ ಹಳೆಯ ಗಾದೆ. ಉಳ್ಳವರಿಗೂ ಮನೆ ಕಟ್ಟುವ ಕಾರ್ಯ ಸುಲಭವಲ್ಲವೆಂಬ ಅನುಭವ ಈ ಮಾತಿನಲ್ಲಿ ಅಡಗಿದೆ. ಹಣವೂ ಸ್ವಂತ ನೆಲವೂ ಇರುವವರಿಗೇ ಇದು ಇಷ್ಟು ಕಷ್ಟವಾದರೆ, ದಿನಗೂಲಿಯಿಂದ ಹೊಟ್ಟೆ ಹೊರೆಯುವವರ ಪಾಡೇನು? ಅನ್ನ, ಬಟ್ಟೆ, ವಸತಿ ಇವು ಮೂರೂ ಮನುಷ್ಯನ ಮೂಲಭೂತ ಅವಶ್ಯಕತೆಗಳು. ಅಂದಂದಿನ ದುಡಿಮೆಯಿಂದ ಅಂದಂದಿನ ಅನ್ನವನ್ನು ಕೊಳ್ಳಬಹುದು. ವರ್ಷಕ್ಕೊಮ್ಮೆ ಬಟ್ಟೆಯನ್ನು ಕೊಳ್ಳಬಹುದು. ಮನೆಯನ್ನು ಮಾತ್ರ ಹೀಗೆ ಸ್ವಲ್ಪ ಸ್ವಲ್ಪವಾಗಿ ಕೊಳ್ಳಲು ಬರುವುದಿಲ್ಲ. ಅದಕ್ಕೆ ನೆಲ ಬೇಕು, ದೊಡ್ಡ ಮೊತ್ತದ ಹಣ ಬೇಕು, ಕುಶಲವಾದ ಕೈಗಳು ಬೇಕು. ಕೊನೆಗೆ ಅದು ತನ್ನದೆಂದು ತೋರಿಸಲು ಕಾಗದಪತ್ರವೂ ಬೇಕು. ಬಡವನೊಬ್ಬನೇ ಇವೆಲ್ಲವನ್ನೂ ಹೊಂದಿಸಿಕೊಳ್ಳಲಾರನು. ಆದುದರಿಂದಲೇ ಬಡವನ ಸೂರಿನ ಹಿಂದೆ ಅನೇಕ ಸಂಸ್ಥೆಗಳ ಕೈಗಳು ಸೇರಬೇಕಾಗಿದೆ. ಆ ಕೈಗಳು ಯಾವುವು, ಅವು ಒಂದಕ್ಕೊಂದು ಹೇಗೆ ಹೆಣೆದುಕೊಂಡಿವೆ ಎಂಬುದನ್ನು ತಿಳಿಯುವುದು ಪ್ರತಿಯೊಬ್ಬ ನಾಗರಿಕನಿಗೂ ಅಗತ್ಯ.

ವಸತಿಯು ಸಾರ್ವಜನಿಕ ಹೊಣೆಯೆಂಬ ಅರಿವು ಈ ನಾಡಿನಲ್ಲಿ ಬಲವಾಗಿ ಮೂಡಿದುದು ಒಂದು ವಿಪತ್ತಿನ ಕಾಲದಲ್ಲಿ. 1898ರಲ್ಲಿ ಬೆಂಗಳೂರಿನಲ್ಲಿ ಪ್ಲೇಗು ಕಾಣಿಸಿಕೊಂಡಿತು. ಗಾಳಿ ಬೆಳಕುಗಳಿಲ್ಲದ ಇಕ್ಕಟ್ಟಾದ ಕೇರಿಗಳಲ್ಲಿ ಅದು ವೇಗವಾಗಿ ಹರಡಿತು. ವಿಶಾಲವಾದ ರಸ್ತೆಗಳುಳ್ಳ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದುದು ಆ ದಿನಗಳಲ್ಲಿಯೇ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ನಗರಕ್ಕೂ, 1945ರಲ್ಲಿ ಬೆಂಗಳೂರಿಗೂ ನಗರಾಭಿವೃದ್ಧಿಗೆಂದು ಪ್ರತ್ಯೇಕ ವಿಶ್ವಸ್ತ ಮಂಡಳಿಗಳು ಏರ್ಪಟ್ಟುವು. ಒಂದು ಕೇರಿಯ ಮನೆಗಳು ಕೆಟ್ಟರೆ ಊರಿನ ಆರೋಗ್ಯವೇ ಕೆಡುವುದೆಂಬ ಪಾಠವನ್ನು ಪ್ಲೇಗು ಕಲಿಸಿತ್ತು. ಆದರೆ ಹೊಸ ಬಡಾವಣೆಗಳಲ್ಲಿ ನಿವೇಶನ ಕೊಳ್ಳುವ ಶಕ್ತಿ ಎಲ್ಲರಿಗೂ ಇರಲಿಲ್ಲ.

ಸ್ವಾತಂತ್ರ್ಯಾನಂತರ ಈ ಕಡೆಗೆ ಸರಕಾರಗಳ ಗಮನ ಹರಿಯಿತು. 1952ರಲ್ಲಿ ಕೇಂದ್ರ ಸರಕಾರವು ಕೈಗಾರಿಕಾ ಕಾರ್ಮಿಕರಿಗಾಗಿ ಸಹಾಯಧನದ ವಸತಿ ಯೋಜನೆಯನ್ನು ಆರಂಭಿಸಿತು. ರಾಜ್ಯದಲ್ಲಿ ಗೃಹ ಮಂಡಳಿಗೆ 1962ರ ಕಾಯಿದೆ ಆಧಾರವಾಯಿತು. ಮನೆ ಕಟ್ಟುವ ಸಂಸ್ಥೆಗಳಿಗೆ ಸಾಲ ಒದಗಿಸಲು 1970ರಲ್ಲಿ ಕೇಂದ್ರವು ವಸತಿ ಮತ್ತು ನಗರಾಭಿವೃದ್ಧಿ ನಿಗಮವನ್ನು, ಅಂದರೆ ‘ಹುಡ್ಕೊ’ವನ್ನು ಸ್ಥಾಪಿಸಿತು. ದೇವರಾಜ ಅರಸು ಅವರು ಮುಖ್ಯಮಂತ್ರಿಗಳಾಗಿದ್ದ ಕಾಲದಲ್ಲಿ ಭೂಹೀನರಿಗೆ ನಿವೇಶನಗಳನ್ನು ಹಂಚುವ ಕಾರ್ಯ ನಡೆಯಿತು. ‘ಜನತಾ ಮನೆ’ ಎಂಬ ಮಾತು ಹಳ್ಳಿಹಳ್ಳಿಗಳಲ್ಲಿ ಮನೆಮಾತಾಯಿತು. ಬಳಿಕ 1985ರಲ್ಲಿ ಕೇಂದ್ರದ ಇಂದಿರಾ ಆವಾಸ್ ಯೋಜನೆಯೂ 1991–92ರಲ್ಲಿ ರಾಜ್ಯದ ಆಶ್ರಯ ಯೋಜನೆಯೂ ಬಂದುವು. ಇವೆಲ್ಲಕ್ಕೂ ಒಂದು ಕೇಂದ್ರಸ್ಥಾನ ಬೇಕೆನಿಸಿದುದರಿಂದ 2000ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮವು ಸ್ಥಾಪನೆಯಾಯಿತು. ಹೀಗೆ ಒಂದೊಂದು ಕಾಲದ ಅಗತ್ಯಕ್ಕೆ ಒಂದೊಂದು ಸಂಸ್ಥೆ ಹುಟ್ಟಿ, ಇಂದು ಅವು ಒಂದು ದೊಡ್ಡ ಜಾಲವಾಗಿ ಹಬ್ಬಿವೆ.

ಊರಿನ ಕೆರೆಯ ನೀರು ಗದ್ದೆಯನ್ನು ಸೇರುವ ಬಗೆಯನ್ನು ಬಲ್ಲವರಿಗೆ ಈ ಜಾಲವು ಸುಲಭವಾಗಿ ಅರ್ಥವಾಗುತ್ತದೆ. ಕೆರೆ ತುಂಬಿದ ಮಾತ್ರಕ್ಕೆ ಗದ್ದೆ ನೆನೆಯುವುದಿಲ್ಲ. ತೂಬು ತೆರೆಯಬೇಕು, ಕಾಲುವೆಯ ಹೂಳು ತೆಗೆದಿರಬೇಕು, ನೀರುಗಂಟಿಯು ಸರದಿ ತಪ್ಪದಂತೆ ನೀರು ಬಿಡಬೇಕು. ಇವುಗಳಲ್ಲಿ ಒಂದು ಕೆಟ್ಟರೂ ಕೊನೆಯ ಗದ್ದೆ ಒಣಗುತ್ತದೆ. ವಸತಿಯ ವಿಷಯವೂ ಹಾಗೆಯೇ. ಬಡ ಕುಟುಂಬವೊಂದನ್ನು ನಡುವೆ ಇರಿಸಿ ಅದರ ಸುತ್ತಲೂ ನಕ್ಷೆ ಬರೆದರೆ ನೆಲ, ಹಣ, ಆಯ್ಕೆ, ನಿರ್ಮಾಣ ಎಂಬ ನಾಲ್ಕು ದಾರಿಗಳು ಕಾಣುತ್ತವೆ. ಒಂದೊಂದು ದಾರಿಯಲ್ಲಿಯೂ ಬೇರೆ ಬೇರೆ ಸಂಸ್ಥೆಗಳು ನಿಂತಿವೆ.

ಮೊದಲನೆಯದು ನೆಲ. ನಿವೇಶನಕ್ಕೆ ಯೋಗ್ಯವಾದ ಸರಕಾರಿ ಜಮೀನನ್ನು ಗುರುತಿಸುವುದು, ಅಳೆಯುವುದು, ಹಕ್ಕುಪತ್ರ ಕೊಡುವುದು ಇವುಗಳಲ್ಲಿ ಕಂದಾಯ ಇಲಾಖೆಗೆ ಮುಖ್ಯ ಪಾತ್ರವಿದೆ. ಗ್ರಾಮ ಲೆಕ್ಕಿಗನಿಂದ ತಹಶೀಲ್ದಾರರವರೆಗೆ, ಅಲ್ಲಿಂದ ಜಿಲ್ಲಾಧಿಕಾರಿಗಳವರೆಗೆ ಈ ದಾರಿ ಸಾಗಿತು. ಲಂಬಾಣಿಗರ ತಾಂಡಾಗಳು, ಗೊಲ್ಲರ ಹಟ್ಟಿಗಳು, ಗಿರಿಜನರ ಹಾಡಿಗಳು ಅನೇಕವು ಬಹುಕಾಲ ಕಂದಾಯ ಗ್ರಾಮಗಳೆಂದು ದಾಖಲೆಯಲ್ಲಿ ಇರಲಿಲ್ಲ. ಅಲ್ಲಿ ಮನೆಗಳಿದ್ದುವು, ಮನುಷ್ಯರಿದ್ದರು; ಆದರೆ ಅವರು ನಿಂತ ನೆಲ ಅವರದೆನ್ನಲು ಕಾಗದವಿರಲಿಲ್ಲ. ಕಾಗದವಿಲ್ಲದವರಿಗೆ ಮನೆಯ ಸಹಾಯಧನವೂ ಸಾಲವೂ ದೊರೆಯುವುದು ದುಸ್ತರ. ಇಂತಹ ವಸತಿಗಳನ್ನು ಕಂದಾಯ ಗ್ರಾಮಗಳೆಂದು ಘೋಷಿಸಿ ಹಕ್ಕುಪತ್ರ ನೀಡುವ ಕಾರ್ಯವು ಕಾನೂನಿನ ತಿದ್ದುಪಡಿಯ ಬಳಿಕ ಮುಂದುವರಿದಿದೆ. ಇಟ್ಟಿಗೆಯೊಂದನ್ನೂ ಇಡದೆ, ಒಂದು ಹಾಳೆಯ ಮೂಲಕವೇ ಮನೆಗೆ ಅಡಿಪಾಯ ಹಾಕುವ ಕೆಲಸವಿದು.

ಎರಡನೆಯದು ಹಣ. ಕೇಂದ್ರ, ರಾಜ್ಯ ಸರಕಾರಗಳ ಆಯವ್ಯಯ, ಹುಡ್ಕೊ, ಬ್ಯಾಂಕುಗಳು ಇವು ಈ ದಾರಿಯ ಕೆರೆಗಳು. 1988ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ವಸತಿ ಬ್ಯಾಂಕು, ಮನೆಸಾಲ ಕೊಡುವ ಸಂಸ್ಥೆಗಳಿಗೆ ಮರುಸಾಲ ಒದಗಿಸುತ್ತದೆ. ಇಂದಿರಾ ಆವಾಸ್ ಯೋಜನೆಯ ಸ್ಥಾನದಲ್ಲಿ 2016ರಲ್ಲಿ ಗ್ರಾಮೀಣ ಪ್ರದೇಶಗಳಿಗಾಗಿ ಪ್ರಧಾನಮಂತ್ರಿ ಆವಾಸ್ ಯೋಜನೆ ಬಂದಾಗ, ಬಯಲು ಪ್ರದೇಶದ ಮನೆಯೊಂದಕ್ಕೆ 1 ಲಕ್ಷ 20 ಸಾವಿರ ರೂಪಾಯಿ, ಗುಡ್ಡಗಾಡಿನ ಮನೆಗೆ 1 ಲಕ್ಷ 30 ಸಾವಿರ ರೂಪಾಯಿ ಎಂದು ಗೊತ್ತುಮಾಡಲಾಯಿತು. ಮನೆಯ ವಿಸ್ತೀರ್ಣ ಅಡುಗೆಯ ಸ್ಥಳವೂ ಸೇರಿ 25 ಚದರ ಮೀಟರಿಗೆ ಕಡಿಮೆಯಿರಬಾರದೆಂದು ವಿಧಿಸಲಾಯಿತು. ಬಯಲು ಪ್ರದೇಶದ ರಾಜ್ಯಗಳಲ್ಲಿ ವೆಚ್ಚದ ನೂರಕ್ಕೆ 60 ಭಾಗ ಕೇಂದ್ರದ್ದು, 40 ಭಾಗ ರಾಜ್ಯದ್ದು. ಉದ್ಯೋಗ ಖಾತರಿಯ ಕೂಲಿಯನ್ನೂ ಶೌಚಾಲಯದ ಸಹಾಯಧನವನ್ನೂ ಇದರೊಡನೆ ಜೋಡಿಸಲಾಯಿತು. ಒಂದೇ ಮನೆಯ ಗೋಡೆಗೆ ಒಂದು ಇಲಾಖೆಯ ಹಣ, ಶೌಚಾಲಯಕ್ಕೆ ಇನ್ನೊಂದರದು, ಕೂಲಿಗೆ ಮತ್ತೊಂದರದು! ಇವು ಸಕಾಲದಲ್ಲಿ ಒಂದೆಡೆ ಸೇರಿದರೆ ಮಾತ್ರ ಮನೆ ಪೂರ್ಣವಾಗುತ್ತದೆ.

ಮೂರನೆಯದು ಆಯ್ಕೆ. ಇದು ಈ ಜಾಲದ ಅತ್ಯಂತ ಸೂಕ್ಷ್ಮವಾದ ಗಂಟು. ಮನೆಗಳು ಹತ್ತು, ಕೇಳುವವರು ನೂರು ಎಂಬಂತಿರುವಲ್ಲಿ ಮೊದಲು ಯಾರಿಗೆ ಎಂಬುದನ್ನು ನಿರ್ಧರಿಸುವವರು ಯಾರು? ಹಳ್ಳಿಗಳಲ್ಲಿ ಈ ಹೊಣೆಯನ್ನು ಗ್ರಾಮಸಭೆಗೆ ವಹಿಸಲಾಗಿದೆ. 1993ರ ಪಂಚಾಯತ್ ರಾಜ್ ಕಾಯಿದೆಯಂತೆ ಗ್ರಾಮಸಭೆಯು ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು; ಊರಿನ ಮತದಾರರೆಲ್ಲರೂ ಅದರ ಸದಸ್ಯರು. ಮಳೆಗಾಲದಲ್ಲಿ ಯಾರ ಗುಡಿಸಲು ಸೋರುತ್ತದೆ, ಯಾರ ಗೋಡೆ ಕುಸಿದಿದೆ ಎಂಬುದು ದೂರದ ಕಚೇರಿಗಿಂತ ನೆರೆಹೊರೆಯವರಿಗೆ ಚೆನ್ನಾಗಿ ಗೊತ್ತು ಎಂಬುದು ಈ ಏರ್ಪಾಟಿನ ಹಿಂದಿನ ವಿವೇಕ. ಪಟ್ಟಿಯನ್ನು ಎಲ್ಲರ ಎದುರಿನಲ್ಲಿ ಓದಿ, ಆಕ್ಷೇಪಣೆಗಳನ್ನು ಕೇಳಿದರೆ ಅನ್ಯಾಯಕ್ಕೆ ಎಡೆ ಕಡಿಮೆ. ಸಭೆಯು ಹೆಸರಿಗೆ ಮಾತ್ರ ನಡೆದು ಪಟ್ಟಿ ಬೇರೆಡೆ ಸಿದ್ಧವಾದರೆ, ಉಳ್ಳವನ ಹೆಸರು ಮೇಲೇರಿ ಇಲ್ಲದವಳ ಹೆಸರು ಕೆಳಗೆ ಇಳಿಯಬಹುದು. ಆದುದರಿಂದ ಗ್ರಾಮಸಭೆಗೆ ಜನರು ಹೋಗುವುದೂ ಮನೆ ಕಟ್ಟುವ ಕೆಲಸದ ಒಂದು ಭಾಗವೇ ಆಗಿದೆ.

ನಾಲ್ಕನೆಯದು ನಿರ್ಮಾಣ. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಗುತ್ತಿಗೆದಾರನಿಗೆ ಸ್ಥಾನವಿಲ್ಲ. ಮನೆಯವರೇ ಮುಂದೆ ನಿಂತು ಕಟ್ಟಿಸಿಕೊಳ್ಳಬೇಕು. ತಳಪಾಯ, ಗೋಡೆ, ಛಾವಣಿ ಎಂದು ಹಂತಹಂತವಾಗಿ ಕೆಲಸ ಮುಗಿದಂತೆ ಅದರ ಚಿತ್ರವನ್ನು ಸ್ಥಳದ ಗುರುತಿನೊಡನೆ ದಾಖಲಿಸಿ, ಕಂತಿನ ಹಣವನ್ನು ನೇರವಾಗಿ ಅವರ ಬ್ಯಾಂಕ್ ಖಾತೆಗೆ ಜಮಾ ಮಾಡುವ ಪದ್ಧತಿ ಬಂದಿದೆ. ಮನೆಯ ಒಡೆತನವನ್ನು ಮಹಿಳೆಯ ಹೆಸರಿಗೆ, ಇಲ್ಲವೆ ಪತಿಪತ್ನಿಯರಿಬ್ಬರ ಹೆಸರಿಗೆ ಕೊಡುವುದಕ್ಕೆ ಆದ್ಯತೆಯಿದೆ.

ಕಡಿಮೆ ವೆಚ್ಚದಲ್ಲಿ ಗಟ್ಟಿಯಾದ ಮನೆ ಕಟ್ಟುವ ವಿದ್ಯೆಯನ್ನು ಒದಗಿಸಿದ ಸಂಸ್ಥೆಗಳೂ ಇವೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ‘ಅಸ್ತ್ರ’ ಎಂಬ ವಿಭಾಗ ಆರಂಭವಾಯಿತು. ಕೆ. ಎಸ್. ಜಗದೀಶ್ ಮೊದಲಾದ ವಿಜ್ಞಾನಿಗಳು ಅಲ್ಲಿ ಮಣ್ಣಿನ ಇಟ್ಟಿಗೆಯನ್ನು ಅಭ್ಯಸಿಸಿದರು. ಮಣ್ಣಿಗೆ ಸ್ವಲ್ಪ ಸಿಮೆಂಟನ್ನೋ ಸುಣ್ಣವನ್ನೋ ಬೆರೆಸಿ ಯಂತ್ರದಲ್ಲಿ ಒತ್ತಿದರೆ, ಗೂಡಿನಲ್ಲಿ ಸುಡದೆಯೇ ಬಲವಾದ ಇಟ್ಟಿಗೆ ದೊರೆಯುತ್ತದೆ. ಇದರಿಂದ ಸೌದೆಯ ಉಳಿತಾಯವೂ ಆಗುತ್ತದೆ. ಕೇರಳದ ಕೊಲ್ಲಂನಲ್ಲಿ 1985ರ ನೆರೆಯ ಬಳಿಕ ಆರಂಭವಾದ ನಿರ್ಮಿತಿ ಕೇಂದ್ರವು ಗಾರೆ ಕೆಲಸದವರಿಗೆ ಇಂತಹ ವಿಧಾನಗಳನ್ನು ಕಲಿಸತೊಡಗಿತು. ಹುಡ್ಕೊದ ನೆರವಿನಿಂದ ಆ ಮಾದರಿಯು ದೇಶದಲ್ಲೆಲ್ಲ ಹಬ್ಬಿ, ಕರ್ನಾಟಕದ ಜಿಲ್ಲೆಗಳಿಗೂ ಬಂದಿತು.

ನಗರದ ನಕ್ಷೆ ಇನ್ನೂ ಜಟಿಲವಾದುದು. ಅಲ್ಲಿ ನೆಲವೇ ಅತಿ ದುಬಾರಿ. ಗೃಹ ಮಂಡಳಿಯು ವರಮಾನಕ್ಕೆ ಅನುಗುಣವಾಗಿ ಬೇರೆ ಬೇರೆ ವರ್ಗದವರಿಗೆ ಮನೆ, ನಿವೇಶನಗಳನ್ನು ಒದಗಿಸುತ್ತದೆ. ಕೊಳಗೇರಿಗಳಿಗೆಂದು 1973ರ ಕಾಯಿದೆಯಂತೆ ಪ್ರತ್ಯೇಕ ಮಂಡಳಿಯಿದೆ. ಅದರ ಹೆಸರಿನಲ್ಲಿ ಮೊದಲು ‘ನಿರ್ಮೂಲನ’ ಎಂಬ ಮಾತಿತ್ತು. ಈಗ ‘ಅಭಿವೃದ್ಧಿ’ ಎಂಬ ಮಾತಿದೆ. ಈ ಬದಲಾವಣೆ ಅರ್ಥಪೂರ್ಣವಾದುದು. ಗುಡಿಸಲುಗಳನ್ನು ಕಿತ್ತೆಸೆದರೆ ಕೊಳಗೇರಿ ಇಲ್ಲವಾಗುವುದಿಲ್ಲ; ಅದು ಇನ್ನೊಂದೆಡೆ ಮತ್ತೆ ಹುಟ್ಟುತ್ತದೆ. ಮುಂಬಯಿಯ ಕಾಲುದಾರಿಗಳಲ್ಲಿ ವಾಸಿಸುತ್ತಿದ್ದವರ ಮೊಕದ್ದಮೆಯಲ್ಲಿ 1985ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಬದುಕುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆ ಎಂದು ಸಾರಿತು. ಮನೆಯನ್ನು ದುಡಿಮೆಯ ಸ್ಥಳದಿಂದ ಬೇರ್ಪಡಿಸಿ ನೋಡಲಾಗದೆಂಬುದಕ್ಕೆ ಈ ತೀರ್ಪು ನಿದರ್ಶನ. ಹೂ ಮಾರುವವಳಿಗೆ ಊರಾಚೆ ಮೂರನೆಯ ಮಹಡಿಯಲ್ಲಿ ಗಟ್ಟಿ ಮನೆ ಕೊಟ್ಟರೂ, ಅಲ್ಲಿಂದ ಮಾರುಕಟ್ಟೆಗೆ ಮುಂಜಾನೆಯ ಬಸ್ಸಿಲ್ಲದಿದ್ದರೆ ಅವಳ ಸಂಪಾದನೆ ನಿಲ್ಲುತ್ತದೆ. ಹೀಗೆ ಸಾರಿಗೆ ಸಂಸ್ಥೆ, ನೀರು ಸರಬರಾಜು, ವಿದ್ಯುತ್ತು, ಶಾಲೆ ಇವೆಲ್ಲವೂ ವಸತಿಯ ಜಾಲಕ್ಕೆ ಸೇರಿದುವೇ ಆಗಿವೆ.

ಇಷ್ಟೊಂದು ಸಂಸ್ಥೆಗಳಿದ್ದೂ ಮನೆಗಳು ಅರ್ಧಕ್ಕೆ ನಿಲ್ಲುವುದೇಕೆ? ಒಬ್ಬ ಕೂಲಿಕಾರ್ತಿಯ ಹೆಸರು ಪಟ್ಟಿಗೆ ಬಂದಿತೆನ್ನೋಣ. ಹಕ್ಕುಪತ್ರ ದೊರೆತಿಲ್ಲವೆಂದು ಕೆಲಸದ ಆದೇಶ ತಡವಾಗುತ್ತದೆ. ಆದೇಶ ಬಂದ ಮೇಲೆ ಅವಳು ಹಳೆಯ ಗುಡಿಸಲನ್ನು ಕಿತ್ತು ತಳಪಾಯ ಹಾಕಿಸುತ್ತಾಳೆ. ಕಂತು ತಡವಾದರೆ ಗೋಡೆ ಎದೆಮಟ್ಟಕ್ಕೆ ನಿಲ್ಲುತ್ತದೆ, ಮಳೆಗಾಲ ಬರುತ್ತದೆ. ಕೈಸಾಲ ಮಾಡಿದರೆ ಬಡ್ಡಿ ಬೆಳೆಯುತ್ತದೆ. ಯಾವ ಕಚೇರಿಯಲ್ಲಿ ತಡವಾಗಿದೆಯೆಂಬುದು ಅವಳಿಗೆ ತಿಳಿಯದು. ಪ್ರತಿಯೊಂದು ಕಚೇರಿಯೂ ತನ್ನ ಪಾಲಿನ ಕೆಲಸ ಮುಗಿದಿದೆಯೆಂದು ಇನ್ನೊಂದು ಕಚೇರಿಯತ್ತ ಬೆರಳು ತೋರಿಸಬಹುದು. ಇಂತಹ ಸಮಯದಲ್ಲಿಯೇ ದಲ್ಲಾಳಿ ನಡುವೆ ಬರುವುದು. ಅವನು ಮಾರುವುದು ಇಟ್ಟಿಗೆಯನ್ನಲ್ಲ, ಸಿಮೆಂಟನ್ನಲ್ಲ. ಯಾರನ್ನು ಎಲ್ಲಿ ಕಾಣಬೇಕೆಂಬ ತಿಳಿವಳಿಕೆಯನ್ನು. ಯಾರಿಗೂ ಬೆಲೆಯಿಲ್ಲದೆ ದೊರೆಯಬೇಕಾದ ಆ ತಿಳಿವಳಿಕೆಗೆ ಬಡವಳು ತನ್ನ ಕಂತಿನಲ್ಲಿ ಪಾಲು ತೆರುತ್ತಾಳೆ.

ಆದುದರಿಂದ ಈ ಜಾಲದ ನಕ್ಷೆಯನ್ನು ಬರೆಯುವುದು ಅಧಿಕಾರಿಗಳ ಅನುಕೂಲಕ್ಕೆ ಮಾತ್ರ ಮೀಸಲಾದ ಕೆಲಸವಲ್ಲ. ನೆಲಕ್ಕೆ ಕಂದಾಯ ಇಲಾಖೆ, ಪಟ್ಟಿಗೆ ಗ್ರಾಮಸಭೆ, ಕಂತಿಗೆ ಪಂಚಾಯಿತಿ ಮತ್ತು ವಸತಿ ನಿಗಮ, ಸಾಲಕ್ಕೆ ಬ್ಯಾಂಕು, ಕಟ್ಟುವ ವಿದ್ಯೆಗೆ ನಿರ್ಮಿತಿ ಕೇಂದ್ರ ಎಂದು ಗೊತ್ತಿದ್ದರೆ, ಕೆಲಸ ನಿಂತ ಜಾಗವನ್ನು ಬೆರಳಿಟ್ಟು ತೋರಿಸಿ ಕೇಳಬಹುದು. ಕಾಲುವೆಯಲ್ಲಿ ನೀರು ಎಲ್ಲಿ ತಡೆದಿದೆಯೆಂದು ಬಲ್ಲ ರೈತನು ಗುದ್ದಲಿ ಹಿಡಿದು ನೇರವಾಗಿ ಅಲ್ಲಿಗೇ ಹೋಗುತ್ತಾನಲ್ಲವೆ? ಶಾಲೆಯಲ್ಲಿ ಓದು ಬರಹ ಕಲಿತವರು, ಓದು ಬಾರದ ನೆರೆಯವರಿಗಾಗಿ ಪಂಚಾಯಿತಿಯ ಫಲಕದಲ್ಲಿ ಅಂಟಿಸಿದ ಪಟ್ಟಿಯನ್ನು ಓದಿ ಹೇಳುವುದು ಸಣ್ಣ ಕೆಲಸವೆಂದು ತೋರಬಹುದು. ಆದರೆ ಒಂದು ಸೂರಿಗೆ ಬೇಕಾದ ಹಲವು ಕೈಗಳಲ್ಲಿ ಅದೂ ಒಂದು.