ಮನೆಯವರು ಕೂಡಿಹಾಕಿದಾಗ ಸಲಿಂಗ ಸಂಗಾತಿಗೆ ಇರುವ ಕಾನೂನಿನ ಆಸರೆ

ವಯಸ್ಕರಾದ ಇಬ್ಬರು ಸಲಿಂಗ ಸಂಗಾತಿಗಳು ಒಟ್ಟಿಗೆ ಬಾಳುವುದು ಭಾರತದಲ್ಲಿ ಅಪರಾಧವಲ್ಲ. 2018ರ ಸೆಪ್ಟೆಂಬರ್ 6ರಂದು ನವತೇಜ್ ಸಿಂಗ್ ಜೋಹರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ, ಸಮ್ಮತಿಯ ಸಂಬಂಧವನ್ನು ಐಪಿಸಿ 377ನೇ ಸೆಕ್ಷನ್‌ನಿಂದ ಹೊರಗಿಟ್ಟಿತು. ಮದುವೆಯ ಹಕ್ಕು ಮಾತ್ರ ದಕ್ಕಿಲ್ಲ. ಅದೇ ಕೋರ್ಟ್‌ನ 2023ರ ಸುಪ್ರಿಯೊ ತೀರ್ಪು ಅದನ್ನು ಶಾಸಕಾಂಗದ ವಿವೇಚನೆಗೆ ಬಿಟ್ಟಿದೆ.

ಸಂಗಾತಿಯನ್ನು ಮನೆಯವರು ಕೂಡಿಹಾಕಿದ್ದರೆ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟ್‌ಗೆ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಬಂಧನದಲ್ಲಿರುವವರನ್ನು ಕೋರ್ಟಿನ ಮುಂದೆ ಹಾಜರುಪಡಿಸುವಂತೆ ಕೋರುವ ಅರ್ಜಿ, ಸಲ್ಲಿಸಬಹುದು. ಕರ್ನಾಟಕದಲ್ಲಿ ಬೆಂಗಳೂರಲ್ಲದೆ ಧಾರವಾಡ, ಕಲಬುರಗಿಗಳಲ್ಲೂ ಹೈಕೋರ್ಟ್ ಪೀಠಗಳಿವೆ. ಇಂಥ ಅರ್ಜಿಗಳನ್ನು ಹೇಗೆ ನಡೆಸಬೇಕೆಂದು 2024ರ ಮಾರ್ಚ್‌ನಲ್ಲಿ ದೇವು ಜಿ. ನಾಯರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮಾರ್ಗಸೂಚಿ ನೀಡಿದೆ. ಅದರಂತೆ ಅರ್ಜಿಯನ್ನು ಆದ್ಯತೆಯ ಮೇಲೆ ಕೈಗೆತ್ತಿಕೊಳ್ಳಬೇಕು. ಅರ್ಜಿದಾರರಿಗೂ ಬಂಧನದಲ್ಲಿರುವವರಿಗೂ ಏನು ಸಂಬಂಧವೆಂದು ಕೆದಕಬಾರದು. ಬಂಧನದಲ್ಲಿದ್ದವರನ್ನು ಹಾಜರುಪಡಿಸಿದಾಗ ನ್ಯಾಯಾಧೀಶರು ತಮ್ಮ ಕೊಠಡಿಯಲ್ಲಿ, ಕೂಡಿಹಾಕಿದ ಆರೋಪವಿರುವವರು ಅಲ್ಲಿ ಇಲ್ಲದಂತೆ, ಅವರೊಂದಿಗೆ ಮಾತಾಡಬೇಕು. ಕೂರಲು ಅನುಕೂಲ, ಕುಡಿಯುವ ನೀರು, ಶೌಚಾಲಯ ಒದಗಿಸಬೇಕೆಂಬುದೂ ಮಾರ್ಗಸೂಚಿಯಲ್ಲಿದೆ. ಲೈಂಗಿಕ ಒಲವನ್ನು ಬದಲಿಸುವ ಉದ್ದೇಶದ ಕೌನ್ಸೆಲಿಂಗ್‌ಗೆ ಕಳುಹಿಸುವಂತಿಲ್ಲ.

ಜೀವಭಯವಿದ್ದರೆ ಪೊಲೀಸ್ ರಕ್ಷಣೆ ಕೋರಬಹುದು. ಅಪಾಯ ಸಾಬೀತಾಗುವ ಮೊದಲೇ ಮಧ್ಯಂತರ ರಕ್ಷಣೆ ಸಿಗಬೇಕು ಎನ್ನುತ್ತದೆ ದೇವು ಜಿ. ನಾಯರ್ ತೀರ್ಪು. ವಕೀಲರ ಖರ್ಚಿಗೆ ಹಣವಿಲ್ಲದವರು ಕಾನೂನು ಸೇವಾ ಪ್ರಾಧಿಕಾರದ 15100 ಸಹಾಯವಾಣಿಗೆ ಕರೆ ಮಾಡಬಹುದು. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಲಭ್ಯ.

ಒಟ್ಟಿಗೆ ನೆಲೆಸಿದ ಮೇಲೆ ಜಂಟಿ ಬ್ಯಾಂಕ್ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಅಡ್ಡಿಯಿಲ್ಲವೆಂದು ಕೇಂದ್ರ ಹಣಕಾಸು ಸಚಿವಾಲಯ 2024ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದೆ. ಸಂಗಾತಿಗೆ ವಾರಸುದಾರಿಕೆ ತಾನಾಗಿ ಬಾರದ ಕಾರಣ, ಇಬ್ಬರು ಸಾಕ್ಷಿಗಳ ಸಹಿಯುಳ್ಳ ಉಯಿಲು ಅಗತ್ಯ.