ಸೊಪ್ಪು ಬೇಯಿಸಿದ ನೀರನ್ನು ಚೆಲ್ಲುತ್ತೀರಾ?



ಮನೆಯ ಹಿರಿಯರು ಮೊಮ್ಮಕ್ಕಳ ಹೆಸರಿಗೆ ತಡವರಿಸಿದರೆ ನಾವು "ವಯಸ್ಸಾಯಿತು" ಎಂದು ಸುಮ್ಮನಾಗುತ್ತೇವೆ. ಆದರೆ ಆ ಮರೆವಿನ ಹಿಂದೆ ಎಷ್ಟೋ ಸಲ, ವರ್ಷಗಟ್ಟಲೆ ಹತೋಟಿಗೆ ಬಾರದ ರಕ್ತದೊತ್ತಡ ಇರುತ್ತದೆ. ಮಿದುಳಿನ ತೂಕ ದೇಹದ ತೂಕದ ಶೇಕಡಾ 2ರಷ್ಟು ಮಾತ್ರ. ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಶೇಕಡಾ 20 ಅದಕ್ಕೇ ಬೇಕು. ಅದನ್ನು ತಲುಪಿಸುವ ರಕ್ತನಾಳಗಳು ಗಡುಸಾದರೆ ಮಿದುಳು ಸೊರಗುತ್ತದೆ.

ಇಲ್ಲಿ ಸೊಪ್ಪಿನ ಕೆಲಸವೇನು? ಹರಿವೆ, ಪಾಲಕ್, ಬೀಟ್‌ರೂಟ್ ಮುಂತಾದವುಗಳಲ್ಲಿ ನೈಟ್ರೇಟ್ ಹೇರಳವಾಗಿದೆ. ತಿಂದ ನೈಟ್ರೇಟ್ ರಕ್ತಕ್ಕೆ ಸೇರಿ, ಒಂದು ಪಾಲು ಜೊಲ್ಲಿನ ಮೂಲಕ ಮರಳಿ ಬಾಯಿಗೆ ಬರುತ್ತದೆ. ನಾಲಿಗೆಯ ಮೇಲಿನ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಆಗಿ ಮಾಡುತ್ತವೆ. (ರೋಗಾಣು ಕೊಲ್ಲುವ ಮೌತ್‌ವಾಷ್ ಪದೇ ಪದೇ ಬಳಸುವವರು ಈ ಉಪಕಾರಿಗಳನ್ನೂ ಕೊಲ್ಲುತ್ತಾರೆ!) ನೈಟ್ರೈಟ್ ದೇಹದೊಳಗೆ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವಾಗಿ ರಕ್ತನಾಳಗಳನ್ನು ಸಡಿಲಿಸುತ್ತದೆ. ಈ ಅನಿಲದ ಕೆಲಸವನ್ನು ಬಯಲಿಗೆ ತಂದ ಫರ್ಚ್‌ಗಾಟ್, ಇಗ್ನಾರೋ ಮತ್ತು ಮುರಾದ್ ಅವರಿಗೆ 1998ರಲ್ಲಿ ನೊಬೆಲ್ ಬಹುಮಾನ ದೊರೆಯಿತು.

ಸೊಪ್ಪು, ಕಾಳುಗಳಲ್ಲಿ ಫೋಲೇಟ್ ಎಂಬ ಜೀವಸತ್ವವೂ ಇದೆ. ಚೀನಾದಲ್ಲಿ 20,000ಕ್ಕೂ ಹೆಚ್ಚು ಬಿ.ಪಿ. ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಬಿ.ಪಿ. ಮಾತ್ರೆಯೊಂದಿಗೆ ಫೋಲಿಕ್ ಆಮ್ಲ ಸೇವಿಸಿದವರಿಗೆ ಪಾರ್ಶ್ವವಾಯು ಶೇಕಡಾ 21ರಷ್ಟು ಕಡಿಮೆಯಾಗಿತ್ತು. ಗಮನಿಸಿ: ಮಾತ್ರೆಯೊಂದಿಗೆ, ಮಾತ್ರೆಯ ಬದಲಿಗೆ ಅಲ್ಲ. "ಗಿಡಮೂಲಿಕೆ ಪುಡಿ ಸಿಕ್ಕಿದೆ, ಇನ್ನು ಬಿ.ಪಿ. ಮಾತ್ರೆ ಬೇಡ" ಎನ್ನುವವರು ಈ ಸಾಲನ್ನು ಎರಡು ಸಲ ಓದಲಿ.

ನೆನಪಿನ ಶಕ್ತಿಯ ವಿಷಯದಲ್ಲಿ ಇಷ್ಟು ಖಚಿತವಾಗಿ ಹೇಳುವಂತಿಲ್ಲ. ಷಿಕಾಗೋದಲ್ಲಿ 960 ವೃದ್ಧರನ್ನು ಗಮನಿಸಿ 2018ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ದಿನವೂ ಸೊಪ್ಪು ತಿನ್ನುವವರ ನೆನಪು ನಿಧಾನವಾಗಿ ಕುಂದಿತ್ತು. ಆದರೆ ಎರಡು ಸಂಗತಿಗಳು ಜೊತೆಗಿದ್ದ ಮಾತ್ರಕ್ಕೆ ಒಂದು ಇನ್ನೊಂದರ ಕಾರಣವಾಗದು. ತರ್ಕಶಾಸ್ತ್ರದ ಮೊದಲ ಪಾಠವಿದು. 604 ಮಂದಿಗೆ ಮೂರು ವರ್ಷ ಇಂಥ ಆಹಾರಕ್ರಮ ಕೊಟ್ಟು ನೋಡಿದ, 2023ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ರಕ್ತನಾಳಕ್ಕೆ ಆಗುವ ಉಪಕಾರವೇ ಸದ್ಯಕ್ಕೆ ನಮಗೆ ಗಟ್ಟಿ ಆಧಾರ.

ಇನ್ನು ಅಡುಗೆಮನೆಗೆ ಬನ್ನಿ. ನೈಟ್ರೇಟ್, ಫೋಲೇಟ್ ಎರಡೂ ನೀರಿನಲ್ಲಿ ಕರಗುತ್ತವೆ. ಸೊಪ್ಪು ಬೇಯಿಸಿ ನೀರು ಚೆಲ್ಲಿದರೆ ಅವುಗಳಲ್ಲಿ ಬಹುಪಾಲು ಚರಂಡಿಗೆ ಹೋದಂತೆ. ಮೈಸೂರು, ಮಂಡ್ಯ ಕಡೆಯ ತಾಯಂದಿರು ಬೇಳೆ-ಸೊಪ್ಪು ಬಸಿದ ಕಟ್ಟಿನಿಂದಲೇ ಬಸ್ಸಾರು ಮಾಡಿ, ಬಸಿದ ಸೊಪ್ಪನ್ನು ಪಲ್ಯ ಮಾಡುತ್ತಾರೆ; ಒಂದು ಹನಿಯೂ ವ್ಯರ್ಥವಾಗುವುದಿಲ್ಲ. ಆದರೆ ಉಪ್ಪು ಸುರಿಯಬೇಡಿ. ಸೊಪ್ಪು ಇಳಿಸಿದ ಒತ್ತಡವನ್ನು ಉಪ್ಪು ಏರಿಸಿಬಿಡುತ್ತದೆ.

ಇಬ್ಬರಿಗೆ ಮಾತ್ರ ಬೇರೆ ಮಾತು. ಹೃದಯದ ಕವಾಟ ಬದಲಿಸಿಕೊಂಡು ವಾರ್ಫರಿನ್ ಸೇವಿಸುವವರು ಸೊಪ್ಪನ್ನು ಒಮ್ಮೆಲೇ ಹೆಚ್ಚಿಸಬಾರದು. ಅದರಲ್ಲಿರುವ ವಿಟಮಿನ್ ಕೆ ಮಾತ್ರೆಯ ಬಲ ತಗ್ಗಿಸುತ್ತದೆ. ಮೂತ್ರಪಿಂಡದ ಕಾಯಿಲೆಯವರಿಗೆ ಪೊಟ್ಯಾಷಿಯಂ ಮಿತಿ ಹಾಕಿದ್ದರೆ ಬಸಿದ ನೀರು ಒಳ್ಳೆಯದಲ್ಲ. ಅವರ ಪಾಲಿನ ಸೊಪ್ಪನ್ನು ಬೇರೆಯಾಗಿ ಬೇಯಿಸಿ, ಆ ನೀರನ್ನು ಚೆಲ್ಲಿಯೇ ಬಿಡಿ.